ಬಚ್ಚಲೊಲೆಯ ವಾಸನೆಯ ವಿಸ್ಕಿ

ಡೊಂಬಿವಲಿ, 4-10-1983

ಪ್ರೀತಿಯ ಅಮ್ಮಾ,

ನಮ್ಮ ಮೊದಲ ದೀಪಾವಳಿಗೆ ಊರಿಗೆ ಬರಲು ಇವರಿಗೆ ರಜೆ ಸಿಕ್ಕಿತು! ಹೇಗೆಂದರೆ ನೀನು ನಂಬಲಾರೆ. ಭಾನುವಾರ ಥಾಣೆಯಲ್ಲಿ ಇವರ ಮ್ಯಾನೇಜರ್ ಪರಾಂಜಪೆಯವರ ಮನೆಯಲ್ಲಿ ಊಟ. ಅವರ ಭಾವ ಸ್ಕಾಟ್ಲೆಂಡಿನಿಂದ ಒಂದು ಬಾಟ್ಲಿ ತಂದಿದ್ದರು. ಮೂರು ಗ್ಲಾಸಿಗೆ ಬೇರೆ ಬೇರೆ ವಿಸ್ಕಿ ಸುರಿದು, ಎಲ್ಲರ ಕಣ್ಣಿಗೆ ಕರವಸ್ತ್ರ ಕಟ್ಟಿಸಿ, ಸ್ಕಾಚ್ ಗುರುತಿಸಿದವನಿಗೆ ಹಬ್ಬದ ರಜೆ ಎಂದರು ಪರಾಂಜಪೆ ಸಾಹೇಬರು. ಕುಡಿದ ಗಂಡಸರೆಲ್ಲ ಸೋತರು, ಇವರೂ! ಆಮೇಲೆ ಸಾಹೇಬರ ಹೆಂಡತಿ ತಮಾಷೆಗೆ ನನ್ನ ಕಣ್ಣಿಗೂ ಕಟ್ಟಿದರು. ಮೂರನೆಯ ಗ್ಲಾಸಿನಲ್ಲಿ ನಮ್ಮ ಬಚ್ಚಲೊಲೆಯದೇ ಹೊಗೆ, ಅಮ್ಮಾ! ಅಲ್ಲಿ ಜೌಗುಮಣ್ಣು ಸುಟ್ಟ ಹೊಗೆಯಲ್ಲಿ ಬಾರ್ಲಿ ಒಣಗಿಸುತ್ತಾರಂತೆ. "ಶಾಬಾಸ್ ವಹಿನಿ, ಛುಟ್ಟೀ ಪಕ್ಕಾ!" ಎಂದರು ಸಾಹೇಬರು; ಇಲ್ಲಿ ಅತ್ತಿಗೆಗೆ ವಹಿನಿ ಅನ್ನುತ್ತಾರೆ.

ಇವರ ಮುಖ ಮಾತ್ರ ಊದಿತ್ತು. "ಹೆಂಡ್ತಿ ಮೂಗಿನ ರಜೆ ಅಂತ ಆಫೀಸಲ್ಲಿ ನಗಾಡ್ತಾರೆ, ನಾನು ಬರುದಿಲ್ಲ ಮಾರಾಯ್ತಿ" ಎಂದಿದ್ದರು. ಇವತ್ತು ಲೋಕಲ್‌ಗೆ ಓಡುವಾಗ ತಿರುಗಿ, "ನಿಮ್ಮ ಬಚ್ಚಲಲ್ಲಿ ನಿಜಕ್ಕೂ ಅದೇ ವಾಸನೆಯಾ?" ಎಂದು ಕೇಳಿದರು. ಆಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ; ಟ್ರಂಕು ಮೂರು ಸಲ ತುಂಬಿ ತೆಗೆದೆ. ಹೋದ ಕಾಗದದಲ್ಲಿ ಬರೆದಿದ್ದ ನನ್ನ ನೆಗಡಿ ಪೂರ್ತಿ ವಾಸಿ, ಇಲ್ಲದಿದ್ದರೆ ರಜೆಯೇ ಹೋಗುತ್ತಿತ್ತು.

ಅಪ್ಪಾ, ಕಾರ್ಡು ಮೊದಲು ಓದುವವರು ನೀವೇ ಎಂದು ಈಗ ನೆನಪಾಯಿತು. ನಾನು ಮೂಸಿದ್ದಷ್ಟೇ! ಬಚ್ಚಲೊಲೆಗೆ ತೆಂಗಿನ ಸಿಪ್ಪೆ ಒಣಗಿಸಿಡಿ.

ವೇದಾ