ಬಸಿದ ನೀರು

ಫೆಬ್ರವರಿ 6, ಬೆಳಿಗ್ಗೆ 6.30

ಬೀನ್ಸ್ ಹೆಚ್ಚಿ ಆಯಿತು. ಸಣ್ಣಗೆ, ಡಾಕ್ಟರ್ ಹೇಳಿದ ಹಾಗೆ. ತುಂಬ ನೀರಿಟ್ಟು ಕುದಿಸುವುದು, ಬಸಿಯುವುದು, ಹೊಸ ನೀರಿಡುವುದು, ಮತ್ತೆ ಬಸಿಯುವುದು. ತರಕಾರಿಯ ಪೊಟ್ಯಾಷಿಯಂ ನೀರಿಗೆ ಇಳಿಯುತ್ತದಂತೆ. ಇವರ ಕಿಡ್ನಿಗೆ ಅದನ್ನು ಹೊರಹಾಕುವ ತ್ರಾಣ ಇಲ್ಲ. ರಕ್ತದಲ್ಲಿ ಏರಿದರೆ ಹೃದಯವೇ ನಿಲ್ಲಬಹುದು — ನಾಳೆ ಮೋಡ ಇರಬಹುದು ಎನ್ನುವ ಹಾಗೆ ಹೇಳಿಬಿಟ್ಟರು.

ಹಿತ್ತಲಲ್ಲಿ ಬೆಳೆಯುವುದೆಲ್ಲ ಬೇಡದ ಪಟ್ಟಿಯಲ್ಲಿದೆ. ಟೊಮೆಟೊ, ಆಲೂಗೆಡ್ಡೆ, ಕುಂಬಳ, ಸೊಪ್ಪು. ಹದಿನೆಂಟು ವರ್ಷದಿಂದ ಅಂಗಡಿ ತರಕಾರಿ ಮುಟ್ಟಿಲ್ಲ ಎಂದು ಪೋಸ್ಟ್ ಆಫೀಸಿನಲ್ಲಿ ಜಂಬ ಕೊಚ್ಚಿಕೊಂಡವಳು ನಾನೇ.

ಬಸಿದ ನೀರನ್ನು ಮೋರಿಗೆ ಚೆಲ್ಲಲು ಕೈ ಬರಲಿಲ್ಲ. ಈ ಮನೆಯಲ್ಲಿ ಅಕ್ಕಿ ತೊಳೆದ ನೀರೂ ಮೋರಿ ಕಂಡಿಲ್ಲ. ಹಿಂಬಾಗಿಲ ಕಟ್ಟೆಯ ಮೇಲೆ ಆರಲು ಇಟ್ಟೆ, ಗಿಡಕ್ಕಾಗುತ್ತದೆ. ಅತ್ತೆ, "ನಾನ್ ಹಾಕ್ತೀನಿ ಬಿಡು, ನಿಂಗೆ ಕೆಲಸಕ್ಕೆ ಹೊತ್ತಾಯ್ತು" ಎಂದರು. ಪುಣ್ಯ. ಒಂದು ಕೆಲಸ ಕಡಿಮೆ.

ಫೆಬ್ರವರಿ 9, ಭಾನುವಾರ

ಊಟಕ್ಕೆ ಕೂತು ಇವರು ತಟ್ಟೆಯನ್ನೇ ನೋಡಿದರು. "ಇದು ಬೀನ್ಸಾ, ಬೀನ್ಸಿನ ಫೋಟೋನಾ?" ನಕ್ಕೆ. ನಗದೆ ಏನು ಮಾಡಲಿ.

ಭಾನುವಾರ ಎಂದರೆ ಅತ್ತೆಯ ಸೂಪು. ವಾರದ ಉಳಿಕೆಯೆಲ್ಲ ಒಂದೇ ಪಾತ್ರೆಗೆ — ಕುಂಬಳದ ಸಿಪ್ಪೆ, ಹೂಕೋಸಿನ ದಂಟು, ಈರುಳ್ಳಿಯ ಬುಡ, ಸೊರಗಿದ ಸೊಪ್ಪು. ಸಣ್ಣ ಉರಿ, ಮೂರು ಗಂಟೆ. ಕೊನೆಗೆ ಒಂದು ಚಿಟಿಕೆ ಮೆಣಸು. ಹಿಂದಿನ ಶೆಡ್ಡಿನಲ್ಲಿ ಕುರ್ಚಿಗೆ ಕಾಲು ಜೋಡಿಸುತ್ತಿದ್ದ ಇವರು ವಾಸನೆಗೆ ಗರಗಸ ಕೆಳಗಿಟ್ಟು ಬರುತ್ತಿದ್ದರು, ಮೈಯೆಲ್ಲ ಮರದ ಪುಡಿ. ತುದಿಗಾಲಲ್ಲಿ ನಿಂತು ಪಾತ್ರೆಗೆ ಇಣುಕುತ್ತಿದ್ದರು. ಐವತ್ತೆರಡು ವಯಸ್ಸು, ಅಮ್ಮನ ಒಲೆ ಮುಂದೆ ಮಾತ್ರ ಏಳು. ನನಗೆ ಆ ಸೂಪಿನ ಮೇಲೆ ಹೊಟ್ಟೆಕಿಚ್ಚೂ ಇತ್ತು, ಆಸೆಯೂ ಇತ್ತು.

ಈವತ್ತು ಸೂಪಿಲ್ಲ. ಅತ್ತೆ ತಟ್ಟೆ ನೋಡಿ ಹೇಳಿದರು. "ಸತ್ವ ಎಲ್ಲಾ ನೀರಲ್ಲಿ ಹೋಯ್ತು. ನಾರು ತಿನ್ನಿಸ್ತಿದೀಯ ಅವನಿಗೆ."

"ಡಾಕ್ಟರ್ ಹೇಳಿದ್ದು ಅತ್ತೆ."

"ಆ ಡಾಕ್ಟರ್ ಮನೇಲಿ ಒಲೆ ಹಚ್ಚೋದು ಯಾರೋ, ಕೇಳಿದ್ಯಾ?"

ಮತ್ತೊಮ್ಮೆ ಬಿಡಿಸಿ ಹೇಳಿದೆ. ತಲೆಯಾಡಿಸಿದರು. ಅರ್ಥವಾಯಿತು ಅಂದುಕೊಂಡೆ.

ಫೆಬ್ರವರಿ 17

ರಕ್ತದ ರಿಪೋರ್ಟ್ ಬಂತು. ಪೊಟ್ಯಾಷಿಯಂ 5.9. ಐದರ ಹತ್ತಿರ ಇರಬೇಕಿತ್ತು. "ಏನ್ ತಿನ್ನಿಸ್ತಿದೀರಮ್ಮಾ?" ಎಂದರು ಡಾಕ್ಟರ್. ಇಡೀ ದಿನದ ಊಟ ಒಪ್ಪಿಸಿದೆ, ಪರೀಕ್ಷೆಗೆ ನಿಂತವಳ ಹಾಗೆ. ಎಲ್ಲ ಸರಿ ಇದೆ ಎಂದರು. ಸರಿ ಇದ್ದರೆ ಏರಿದ್ದು ಯಾಕೆ?

ನಾಳೆಯಿಂದ ಮೂರು ಸಲ ಬಸಿಯುತ್ತೇನೆ. ಟೊಮೆಟೊ ಗಿಡದಲ್ಲೇ ಹಣ್ಣಾಗಿ ಬೀಳುತ್ತಿದೆ. ಹಕ್ಕಿಗಳಿಗೆ ಹಬ್ಬ.

ಫೆಬ್ರವರಿ 25

6.3.

ಬಾಯಿ ಕಟ್ಟಿ, ಕೈ ಕಟ್ಟಿ, ಉಪ್ಪು ಸಹ ಚಮಚದಲ್ಲಿ ಅಳೆದು ಹಾಕುತ್ತಿದ್ದೇನೆ. ಡಾಕ್ಟರ್ ಇವರ ಕಡೆ ತಿರುಗಿ, "ಕದ್ದು ಏನಾದ್ರೂ ತಿಂತೀರಾ?" ಎಂದರು. ಇವರು ಗೋಡೆಯ ಕ್ಯಾಲೆಂಡರ್ ನೋಡುತ್ತ "ಇಲ್ಲ" ಎಂದರು.

ಮನೆಗೆ ಬಂದು ನಾನು ಮಾಡಿದ್ದನ್ನು ಇಲ್ಲಿ ಬಿಟ್ಟರೆ ಯಾರಿಗೂ ಹೇಳಲಾರೆ. ಇವರು ಮಲಗಿದ್ದಾಗ ಶೆಡ್ಡಿಗೆ ಹೋಗಿ ಮರದ ಪುಡಿ ಕೆದಕಿದೆ. ಕದ್ದು ತಿಂದ ಬಾಳೆಹಣ್ಣಿನ ಸಿಪ್ಪೆ ಸಿಗುತ್ತದೇನೋ ಎಂದು. ಮೊಳೆ ಸಿಕ್ಕವು. ನಾಚಿಕೆಯಾಯಿತು. ಅತ್ತೆ ಹಿತ್ತಲ ಬಾಗಿಲಲ್ಲಿ ನಿಂತು, "ಏನ್ ಹುಡುಕ್ತಿದೀಯೇ?" ಎಂದರು. ಸೂಜಿ ಎಂದೆ.

ಮಾರ್ಚ್ 2

ಆಸ್ಪತ್ರೆ. ನಿನ್ನೆ ಕಾಲು ಎತ್ತಿಡಲು ಆಗದೆ ಶೆಡ್ಡಿನ ಬಾಗಿಲಲ್ಲೇ ಕುಸಿದರು. ನಾಡಿ ನಲವತ್ತಕ್ಕೆ ಇಳಿದಿತ್ತು. ರಕ್ತ ಶುದ್ಧ ಮಾಡುವ ಮೆಷಿನ್‌ಗೆ ಹಾಕಿದ್ದಾರೆ. ನಾನು ಬೆಂಚಿನ ಮೇಲೆ.

ಮಾರ್ಚ್ 3, ಬೆಳಿಗ್ಗೆ, ಬಸ್ಸಿನಲ್ಲಿ

ಬಟ್ಟೆ ತರಲು ಮನೆಗೆ ಹೋಗಿದ್ದೆ. ಹೊರಡುವಾಗ ಅತ್ತೆ ಸೆರಗಿನ ಮರೆಯಿಂದ ಫ್ಲಾಸ್ಕ್ ತೆಗೆದು ನನ್ನ ಚೀಲಕ್ಕೆ ತುರುಕಿದರು. "ಬಿಸಿ ಇರೋವಾಗ್ಲೇ ಕುಡಿಸು. ನರ್ಸ್ ಕಣ್ಣಿಗೆ ಬೀಳ್ಬಾರ್ದು. ತಿಂಗಳಿಂದ ಇದೇ ಅವನನ್ನ ಹಿಡಿದು ನಿಲ್ಸಿರೋದು, ಇಲ್ದಿದ್ರೆ ಯಾವತ್ತೋ ಮಲಗಿಬಿಡ್ತಿದ್ದ."

ಮುಚ್ಚಳ ತೆಗೆದೆ. ಬೀನ್ಸು, ಈರುಳ್ಳಿ, ಮೆಣಸು.

ತಿಂಗಳಿಂದ ಕುಡಿಸಿದ್ದು ನಾನು ಬಸಿದಿಟ್ಟ ನೀರು. ಎರಡು ಸಲದ್ದು, ಆಮೇಲೆ ಮೂರು ಸಲದ್ದು, ಎಲ್ಲ ಸೇರಿಸಿ ಒಂದು ಲೋಟಕ್ಕೆ ಬತ್ತಿಸಿದ್ದು. ನಾನು ಪೋಸ್ಟ್ ಆಫೀಸಿನಲ್ಲಿ ಸ್ಟ್ಯಾಂಪ್ ಒತ್ತುತ್ತಿರುವಾಗ, ದಿನವೂ. ಗಿಡದ ಬುಡ ಒಣಗಿದ್ದನ್ನು ಕಣ್ಣಿದ್ದೂ ನೋಡಲಿಲ್ಲ. ಹೆಚ್ಚು ಬಸಿದಷ್ಟೂ ಹೆಚ್ಚು ಕುಡಿಸಿದ ಹಾಗಾಯಿತು. ಮೋರಿಗೆ ಚೆಲ್ಲಿದ್ದರೆ...

ಮಾರ್ಚ್ 3, ಮಧ್ಯಾಹ್ನ

ಫ್ಲಾಸ್ಕ್ ತೋರಿಸಿದೆ. ಇವರು ಕಣ್ಣು ಮುಚ್ಚಿಕೊಂಡರು.

"ಗೊತ್ತಿತ್ತಾ ನಿಮಗೆ?"

"ಮೊದಲ್ನೇ ದಿನಾನೇ."

"ಬೇಡ ಅನ್ನೋಕೆ ಬಾಯಿರ್ಲಿಲ್ವಾ?"

"ಎದುರಿಗೇ ನಿಂತಿರ್ತಾಳೆ ಕಣೇ, ಲೋಟ ಖಾಲಿ ಆಗೋ ತನಕ." ಮುಖ ಗೋಡೆಗೆ ತಿರುಗಿಸಿ, "ನಿಜ ಹೇಳ್ಲಾ? ರುಚಿಯಾಗಿತ್ತು. ಇಡೀ ದಿನದಲ್ಲಿ ಊಟ ಅನ್ನಿಸ್ತಿದ್ದಿದ್ದು ಅದೊಂದೇ."

ಕೋಪದಲ್ಲಿ ಮೈ ಉರಿಯಿತು. ಸೂಜಿ ಚುಚ್ಚಿ ಕಪ್ಪಾದ ಇವರ ಕೈ ನೋಡಿದೆ. ಯಾರ ಮೇಲೆ ಕೂಗಾಡಲಿ?

"ಅಮ್ಮನಿಗೆ ಹೇಳ್ಬೇಡ. ಎಪ್ಪತ್ತೊಂಬತ್ತು ವರ್ಷ. ತನ್ನ ಕೈಯಿಂದಲೇ ಹೀಗಾಯ್ತು ಅಂತ ಗೊತ್ತಾದ್ರೆ ಉಳೀತಾಳಾ?"

ಸೂಪನ್ನು ಕೈ ತೊಳೆಯುವ ಬೇಸಿನ್‌ಗೆ ಸುರಿದೆ. ಹದಿನೆಂಟು ವರ್ಷದಲ್ಲಿ ಮೊದಲ ಸಲ ನನ್ನ ಕೈಯಿಂದ ಅಡಿಗೆಯ ನೀರು ಮೋರಿ ಸೇರಿತು.

ಮಾರ್ಚ್ 4

"ಕುಡಿದನಾ?"

"ಕುಡಿದರು ಅತ್ತೆ."

ಮುಖ ಅರಳಿತು. ಎರಡು ದಿನದಿಂದ ಏನೂ ತಿಂದಿರಲಿಲ್ಲವಂತೆ. ನನ್ನ ಎದುರೇ ಕಾಫಿಗೆ ಬ್ರೆಡ್ ಅದ್ದಿಕೊಂಡು ತಿಂದರು.

ಮಾರ್ಚ್ 7

4.8. ಮೆಷಿನ್ ಮಾಡಿದ ಕೆಲಸ. ಅತ್ತೆ ಬೇಲಿಯ ಹತ್ತಿರ ಪಕ್ಕದ ಮನೆ ಟೀಚರಿಗೆ ಹೇಳುತ್ತಿದ್ದರು: "ಡಾಕ್ಟರ್ ಕೈಲಿ ಏನಾಯ್ತು? ನನ್ನ ಫ್ಲಾಸ್ಕೇ ಅವನನ್ನ ಎಬ್ಬಿಸಿದ್ದು." ಟೀಚರ್ ಎಷ್ಟು ಹೊತ್ತು ಕುದಿಸಬೇಕು ಎಂದು ಕೇಳಿ ತಿಳಿದುಕೊಂಡರು.

ನಾನು ದಿನಾ ಒಂದು ಫ್ಲಾಸ್ಕ್ ಸುರಿಯುತ್ತೇನೆ, ದಿನಾ ಒಂದು ಸುಳ್ಳು ಹೇಳುತ್ತೇನೆ. ಈಗ ನಿಜ ಹೇಳಿದರೂ ನಂಬುತ್ತಾರೆಯೇ?

ಮಾರ್ಚ್ 9

ನಾಳೆ ಬಿಡುಗಡೆ. ಡಾಕ್ಟರ್ ನನ್ನನ್ನು ಹೊರಗೆ ಕರೆದರು. ಇನ್ನೊಮ್ಮೆ ಆರು ದಾಟಿದರೆ ಇಲ್ಲಿಯವರೆಗೆ ತರಲು ಸಮಯ ಸಿಗದೇ ಇರಬಹುದು ಎಂದರು.

ರಜೆ ಮುಗಿಯಿತು. ಬುಧವಾರದಿಂದ, ದಿನವೂ ಬೆಳಿಗ್ಗೆಯಿಂದ ಎರಡು ಗಂಟೆಯವರೆಗೆ ಮನೆಯಲ್ಲಿ ಅವರಿಬ್ಬರೇ. ಇವರು, "ನಾನೇ ಹೇಗಾದ್ರೂ ಬೇಡ ಅಂತೀನಿ" ಎನ್ನುತ್ತಾರೆ. ಅನ್ನುವುದಿಲ್ಲ. ನನಗೆ ಗೊತ್ತು, ಇವರಿಗೂ ಗೊತ್ತು.

ಮಾರ್ಚ್ 10, ಬೆಳಿಗ್ಗೆ 11

ಇವರನ್ನು ಕರೆತರಲು ಜೊತೆ ಕೆಲಸದ ಬಡಗಿಯನ್ನು ಕಳಿಸಿ ನಾನು ಉಳಿದೆ. ಹೇಳಲೆಂದೇ.

ಅತ್ತೆ ಅಡಿಗೆಮನೆಯ ನೆಲದಲ್ಲಿ ಕೂತು ಸೊಪ್ಪು ಹೆಚ್ಚುತ್ತಿದ್ದರು. ಮಗ ಬರುತ್ತಾನೆಂದು ತಲೆ ಬಾಚಿಕೊಂಡಿದ್ದರು. ಎದುರು ಕೂತೆ. ಎಲ್ಲ ಹೇಳಿದೆ. ಫ್ಲಾಸ್ಕ್ ಸುರಿದದ್ದನ್ನೂ ಹೇಳಿದೆ. ನೀರನ್ನು ಕಟ್ಟೆಯ ಮೇಲಿಟ್ಟವಳು ನಾನೇ, ತಪ್ಪು ನನ್ನದೂ ಎಂದೆ. ಚಾಕು ಅವರ ಕೈಯಲ್ಲೇ ಇತ್ತು.

ಕೊನೆಗೆ ಕೇಳಿದ್ದು ಒಂದೇ. "ಅವನಿಗೆ ಗೊತ್ತಿತ್ತಾ?"

ಒಂದು ವಾರದಿಂದ ಸಲೀಸಾಗಿ ಬರುತ್ತಿದ್ದ ಸುಳ್ಳು ಈಗ ಬರಲಿಲ್ಲ.

"ಗೊತ್ತಿತ್ತು ಅತ್ತೆ."

"ಮೊದಲಿಂದಾನಾ?"

"ಹೂಂ."

ಸೊಪ್ಪನ್ನೇ ನೋಡುತ್ತ, "ಕುಡಿದು ಲೋಟ ವಾಪಸ್ ಕೊಡೋವಾಗ ನಗ್ತಿದ್ದ" ಎಂದರು.

11.40

ಆಟೋ ನಿಂತ ಸದ್ದು. ಇವರು ಗೇಟಿನಿಂದಲೇ "ಅಮ್ಮಾ" ಎಂದು ಕರೆಯುತ್ತಿದ್ದಾರೆ. ಅತ್ತೆ ಏಳುತ್ತಿಲ್ಲ. ಚಾಕು ತೆಗೆದುಕೊಳ್ಳಲು ಹೋದೆ, ಬಿಡಲಿಲ್ಲ. ಇವರು ಮತ್ತೆ ಕರೆದರು. "ನಾನ್ ಇಲ್ಲ ಅಂತ ಹೇಳು" ಎನ್ನುತ್ತಿದ್ದಾರೆ ಅತ್ತೆ. ಬಾಗಿಲಿಗೆ ಹೋಗಿ ನಾನು ಏನೆಂದು ಹೇಳಲಿ?