ಗಂಟೆಗೊಮ್ಮೆ "ರೀ"

ರೀ,

ಕೇಳದೆ ನಿಮ್ಮ ಕಂಪ್ಯೂಟರ್ ಮುಟ್ಟಿದ್ದೇನೆ, ಬೈಯಬೇಡಿ. ಆನ್ ಆದ ಕೂಡಲೇ, ಆಮೇಲೆ ಗಂಟೆಗೊಮ್ಮೆ, ನಿಮ್ಮ ಹೆಸರಿಗೆ "ಜೀ" ಸೇರಿಸಿ "ಪಾನಿ ಪೀಜಿಯೇ" ಎಂದು ತೋರಿಸಲು ನಿಮ್ಮ ಆಫೀಸಿನ ಮೋನಿಷಾ ಹಾಕಿಕೊಟ್ಟಿದ್ದ, ಹೊತ್ತಿಗೆ ಸರಿಯಾಗಿ ತಾವೇ ಓಡುವ ಕ್ರಾನ್ ಸಾಲುಗಳನ್ನು ಅಳಿಸಿದೆ. ಕಿಡ್ನಿ ಕಲ್ಲಿಗೆ ನೀರು ಕುಡಿಯಿರಿ ಎಂದು ನಾನು ಹೇಳಿದರೆ "ಅಚ್ಛಾ" ಅನ್ನುತ್ತೀರಿ, ಅಷ್ಟೇ. ಅವಳದು ಬಂದರೆ ನಗುತ್ತಾ ಲೋಟ ಎತ್ತುತ್ತೀರಿ.

ಸಂಜೆಯ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿತಷ್ಟರಲ್ಲಿ ನನ್ನದೇ ಸಾಲುಗಳನ್ನು ಬರೆದಿದ್ದೇನೆ. ಇನ್ನು "ರೀ, ನೀರು" ಎಂದು ಬರುತ್ತದೆ. ಅದು ನಿಮ್ಮ ಖಾತೆಯಲ್ಲಿ ಓಡಲು ನಿಮ್ಮ ಹೆಸರು ಟೈಪ್ ಮಾಡಬೇಕಾಯಿತು. ಮದುವೆಯಾದ ಮೇಲೆ ನಿಮ್ಮ ಹೆಸರು ಹಿಡಿದದ್ದು ಇದೇ ಮೊದಲು, ಒಂದೊಂದೇ ಅಕ್ಷರ ಒತ್ತಿದೆ. ತಪ್ಪಿದ್ದರೆ ನನಗೇ ಹೇಳಿ, ಅವಳಿಗೆ ಫೋನ್ ಬೇಡ.

ಸಾರು ಫ್ರಿಜ್‌ನಲ್ಲಿದೆ, ಬಿಸಿ ಮಾಡಿಕೊಳ್ಳಿ.

ಒಮ್ಮೆ ಆಫ್ ಮಾಡಿ ಆನ್ ಮಾಡಿ ನೋಡಿದೆ, ಬಂತು. ನನ್ನದಕ್ಕೂ ಲೋಟ ಎತ್ತುತ್ತೀರೋ ಇಲ್ಲವೋ, ಅದು ಮಾತ್ರ ಗೊತ್ತಿಲ್ಲ.