ತಣ್ಣೀರಿನ ರೊಟ್ಟಿ

ಮಂಗಳವಾರ, ಮಾರ್ಚ್ 11

ನಾಡಿದ್ದು ಕಾಲೇಜಿನ ಇಂಗ್ಲಿಷ್ ಪರೀಕ್ಷೆ. ಈ ಸಲವೂ ಫೇಲಾದರೆ ಡಿಗ್ರಿ ಕೈಗೆ ಸಿಗುವುದಿಲ್ಲ.

ಇವತ್ತು ಕ್ಲಾಸಿನಲ್ಲಿ ಓದಿ ಉತ್ತರಿಸಲು ಜೋಳದ ರೊಟ್ಟಿಯ ಬಗ್ಗೆ ಪ್ಯಾಸೇಜ್ ಕೊಟ್ಟಿದ್ದರು. ಇದೊಂದಾದರೂ ನನಗೆ ಗೊತ್ತು ಎಂದುಕೊಂಡು ಪೂರ್ತಿ ಓದದೆಯೇ, ಹಿಟ್ಟನ್ನು ಕುದಿಯುವ ನೀರಿನಲ್ಲಿ ನಾದಬೇಕು ಎಂದು ಬರೆದೆ. ಪ್ಯಾಸೇಜಿನಲ್ಲಿ ತಣ್ಣೀರು ಎಂದಿತ್ತು. ಸೊನ್ನೆ ಬಂತು.

"ನಿಮ್ಮ ಮನ್ಯಾಗ ಹೆಂಗ ಮಾಡ್ತಾರ ಅಂತ ಯಾರೂ ಕೇಳಿಲ್ಲ, ಸುಮಲತಾ. ಅದರಾಗ ಏನೈತಿ ಅಷ್ಟ ಬರಿ" ಎಂದರು ಪ್ರಸಾದ ಸರ್.

ಸಂಜೆ ನಮ್ಮೂರು ಮುಗದಕ್ಕೆ ಬಂದವಳೇ ಅವ್ವನಿಗೆ ಹೇಳಿದೆ. ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು. "ತಣ್ಣೀರಾಗ ನಾದಿದ್ರ ರೊಟ್ಟಿ ಹರೀತಾವು. ನೀ ಬರದದ್ದ ಖರೇ."

ಈಗ ಅದೇ ಹೆದರಿಕೆ. ನಾಡಿದ್ದು ಪರೀಕ್ಷೆಯ ಮೂರು ತಾಸು ಅವ್ವನ ಈ ಮಾತು ನೆನಪಾಗಬಾರದು. ಆದರೆ ಅವತ್ತೂ ರೊಟ್ಟಿ ಬುತ್ತಿ ಕಟ್ಟಿಕೊಡುವವಳು ಅವಳೇ.